ಉಮರಾಕ ಹಾಕದ ಬೋಲ್ಟು

ಆ ಬೋಲ್ಟು ಹಾಕಿದ್ದು ನಾನು. ಉಮರಾಕ ಅಲ್ಲ. ಇಷ್ಟು ಸಣ್ಣ ಮಾತನ್ನು ಹೇಳಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಅಷ್ಟರಲ್ಲಿ ಅವರು ತಮ್ಮ ಕೈಗಳ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು ಕೂತಿದ್ದರು — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ನನ್ನ ಹೆಸರು ವಲೇರಿಯನ್. ಊರು ಶಿರ್ವದ ಹತ್ತಿರ. ಕತಾರಿನಲ್ಲಿ ಹನ್ನೊಂದು ವರ್ಷ ಒಂದು ಅರಬ್ ಕುಟುಂಬದ ಡ್ರೈವರ್ ಆಗಿದ್ದೆ. ಮನೆ ಅಲ್ ರಯ್ಯಾನಿನಲ್ಲಿ. ಮನೆಯ ಯಜಮಾನರೇ ನನ್ನ ಕಫೀಲ್. ನನ್ನ ವೀಸಾ, ನನ್ನ ಪಾಸ್‌ಪೋರ್ಟು, ನನ್ನ ಇರವು ಎಲ್ಲ ಅವರ ಕೈಯಲ್ಲಿ. ಕೆಟ್ಟವರಲ್ಲ. ಚಳಿಗಾಲ ಬಂತೆಂದರೆ ಅಲ್ಲಿನ ಎಷ್ಟೋ ಕುಟುಂಬಗಳ ಹಾಗೆ ಅವರೂ ಮರಳುಗಾಡಿನಲ್ಲಿ ಕ್ಯಾಂಪ್ ಹಾಕುತ್ತಿದ್ದರು. ಮೆಸಯೀದ್ ದಾಟಿ, ದಿಣ್ಣೆಗಳು ಶುರುವಾಗುವುದಕ್ಕೆ ಮೊದಲು ಸಿಗುವ ಗಟ್ಟಿ ನೆಲದಲ್ಲಿ ಮೂರು ಟೆಂಟು, ಒಂದು ಜನರೇಟರ್, ಮತ್ತೆ ಅಮೆರಿಕದಿಂದ ತರಿಸಿದ ಒಂದು ಮೋಟರ್‌ಹೋಮ್ — ಬಸ್ಸಿನಷ್ಟು ದೊಡ್ಡ, ಒಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಬಂಡಿ. ನಾವು ಅದನ್ನು ಕ್ಯಾರವಾನ್ ಎನ್ನುತ್ತಿದ್ದೆವು. ನಿಂತಾಗ ಸ್ವಿಚ್ ಒತ್ತಿದರೆ ಅದರ ಪಕ್ಕದ ಗೋಡೆ ಕೋಣೆಯ ಸಮೇತ ಹೊರಗೆ ಜಾರುತ್ತಿತ್ತು, ಮೇಜಿನ ಖಾನೆ ಎಳೆದ ಹಾಗೆ. ಅದಕ್ಕೆ ಸ್ಲೈಡ್ ಎಂದು ಹೆಸರು. ಕಫೀಲರ ಮುದಿ ತಾಯಿ ಮಲಗುತ್ತಿದ್ದುದು ಆ ಸ್ಲೈಡಿನ ಕೋಣೆಯಲ್ಲೇ.

ಕುಟುಂಬ ಬರುತ್ತಿದ್ದುದು ಗುರುವಾರ ಸಂಜೆ. ಶನಿವಾರ ಹೊರಟುಬಿಡುತ್ತಿತ್ತು. ಉಳಿದ ದಿನ ಎಲ್ಲವನ್ನೂ ಕಾಯಲು ನಾನೊಬ್ಬ.

ಒಂಟಿತನ ಎಂದು ಬರೆದರೆ ನಿಮಗೆ ಏನು ತಿಳಿಯುತ್ತದೋ ನನಗೆ ಗೊತ್ತಿಲ್ಲ. ಅಲ್ಲಿ ಸದ್ದಿಲ್ಲದೆ ಇರಲಿಲ್ಲ. ಗಾಳಿ ಇತ್ತು, ಟೆಂಟಿನ ಬಟ್ಟೆ ಬಡಿಯುವುದಿತ್ತು, ಜನರೇಟರ್ ಇತ್ತು. ಇಲ್ಲದ್ದು ಮಾತು. ಕಫೀಲರ ಜೊತೆ ನನಗಿದ್ದುದು ಐವತ್ತು ಅರಬಿ ಶಬ್ದಗಳು — ಯಲ್ಲಾ, ಖಲಾಸ್, ಚಹಾ, ನೀರು, ನಾಳೆ. ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಕಾಲು ಗಂಟೆ ನಡೆದು ಒಂದು ದಿಬ್ಬ ಹತ್ತಬೇಕು. ಹತ್ತಿ ಮಾತಾಡುವುದು ಯಾರ ಹತ್ತಿರ? ಮದುವೆಯಾಗಿರಲಿಲ್ಲ. ತಂಗಿ ಅವಳ ಸಂಸಾರದಲ್ಲಿದ್ದಳು. ಒಂದು ದಿನ ಅಕ್ಕಿಚೀಲದ ಮೇಲಿನ ಅಕ್ಷರಗಳನ್ನು ನಾನು ಗಟ್ಟಿಯಾಗಿ ಓದುತ್ತಿದ್ದುದು ನನ್ನ ಕಿವಿಗೇ ಕೇಳಿಸಿ ಹೆದರಿದೆ. ಇದು ನೆಪವಲ್ಲ. ಹೇಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಡಿಸೆಂಬರಿನಲ್ಲಿ ಸ್ಲೈಡ್ ಮೊದಲ ಸಲ ಕೆಟ್ಟಿತು. ಆಗ ನಾನೇನೂ ಮಾಡಿರಲಿಲ್ಲ. ಸ್ವಿಚ್ ಒತ್ತಿದರೆ ಮೋಟರಿನ ಸದ್ದು ಬರುತ್ತದೆ, ಕೋಣೆ ಅಲುಗುವುದಿಲ್ಲ. ಕಫೀಲ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿಗೆ ಫೋನ್ ಮಾಡಿದರು. ಎರಡು ದಿನ ಬಿಟ್ಟು ಒಂದು ಪಿಕಪ್ ಬಂತು. ಇಳಿದವರು ಐವತ್ತು ದಾಟಿದ, ಬಿಳಿ ಗಡ್ಡದ, ಸಣಕಲು ಮನುಷ್ಯ. "ಕ್ಯಾ ಹುವಾ?" ಎಂದು ಹಿಂದಿಯಲ್ಲಿ ಕೇಳಿದವರೇ ಗಾಡಿಯ ಕೆಳಗೆ ಚಾಪೆ ಹಾಸಿ ಜಾರಿದರು. ಟಾರ್ಚ್ ಹಿಡಿಯುವ ಕೆಲಸ ನನ್ನದು. ಅದು ಮಿನುಗಿ ಆರಿಹೋಯಿತು.

"ಛೆ, ಇದರ ಸೆಲ್ಲೂ ಈಗಲೇ ಹೋಗ್ಬೇಕಾ ಮಾರಾಯ," ಎಂದೆ, ಟಾರ್ಚಿಗೆ.

ಗಾಡಿಯ ಕೆಳಗಿಂದ ನಗು ಕೇಳಿಸಿತು, ಹಿಂದೆಯೇ ಕನ್ನಡ. "ಹೋಗ್ಲಿ ಬಿಡಿ. ನನ್ನ ಪೆಟ್ಟಿಗೆಯಲ್ಲಿ ಇನ್ನೊಂದು ಉಂಟು."

ನಾನು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು ಎಂದರೆ ನೀವು ನಗಬಹುದು. ಅವರು ಹೊರಗೆ ಬಂದು, ಗಡ್ಡದ ಮರಳು ಕೊಡವಿ, ಗಾಡಿಯ ಕನ್ನಡಿಗೆ ನಾನು ತೂಗಹಾಕಿದ್ದ ಜಪಸರ ನೋಡಿ, "ಪೊರ್ಬುಗಳಾ? ನಾನು ವಿಟ್ಲದ ಬ್ಯಾರಿ. ಉಮರಬ್ಬ," ಎಂದರು. ಪೊರ್ಬು ಎಂದರೆ ನಮ್ಮ ಕಡೆಯ ಕ್ರಿಶ್ಚಿಯನ್ನರು, ಬ್ಯಾರಿ ಎಂದರೆ ಮುಸ್ಲಿಮರು. ಆ ಗಳಿಗೆಯಿಂದ ಅವರು ನನಗೆ ಉಮರಾಕ, ಬ್ಯಾರಿಗಳು ಹಿರಿಯರನ್ನು ಕರೆಯುವ ಹಾಗೆ.

ಕೆಲಸದಲ್ಲಿ ಅವರದು ಒಂದು ಕ್ರಮ. ಮೊದಲು ಸ್ವಿಚ್ ಒತ್ತಲು ಹೇಳಿ ಕಣ್ಣು ಮುಚ್ಚಿ ಕೇಳಿದರು. "ಮೋಟರ್ ತಿರುಗ್ತದೆ. ಹಾಗಾದ್ರೆ ಕರೆಂಟ್ ಸರಿ ಉಂಟು. ಮೋಟರಿನಿಂದ ಗೇರ್‌ಬಾಕ್ಸ್, ಗೇರ್‌ಬಾಕ್ಸಿನಿಂದ ಈ ಉದ್ದದ ರಾಡ್, ರಾಡಿನಿಂದ ಕೋಣೆ. ಎಲ್ಲಿ ಕೈ ಬಿಟ್ಟಿದೆ ಅಂತ ನೋಡ್ಬೇಕು, ಅಷ್ಟೆ." ಐದು ನಿಮಿಷದಲ್ಲಿ ಎರಡು ತುಂಡಾದ ಒಂದು ಬೋಲ್ಟನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಕೋಣೆ ಜಾರುವ ಹಳಿಗೆ ಒಂದು ಕಲ್ಲು ಸಿಕ್ಕಿ ಅದನ್ನು ತಡೆದಿತ್ತು.

"ಇದು ಬೇಕಂತಲೇ ಮೆತ್ತಗೆ ಮಾಡಿದ ಬೋಲ್ಟು," ಎಂದರು. "ಕೋಣೆಗೆ ಎಂತಾದ್ರೂ ಅಡ್ಡ ಬಂದ್ರೆ ಇದು ತುಂಡಾಗಿ ಗೇರ್‌ಬಾಕ್ಸನ್ನು ಉಳಿಸ್ತದೆ. ಇದರ ಜಾಗದಲ್ಲಿ ಗಟ್ಟಿ ಬೋಲ್ಟು ಹಾಕಿದ್ರೆ ಖಲಾಸ್. ಬೋಲ್ಟು ಉಳೀತದೆ, ಒಳಗಿನ ಹಲ್ಲು ಹೋಗ್ತದೆ."

ಅವರು ಕಲಿಸಿದ್ದು ಅದು. ನಾನು ಕಲಿತೆ.

ಮಧ್ಯಾಹ್ನ ಇಬ್ಬರೂ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನಿನ ಚಟ್ನಿ ಉಂಡೆವು. ದೊಡ್ಡ ಮಾತೇನೂ ಆಗಲಿಲ್ಲ. ಮಳೆಗಾಲದಲ್ಲಿ ಒಣಮೀನಿಗೆ ಹುಳ ಹಿಡಿಯದ ಹಾಗೆ ಹೇಗೆ ಇಡುವುದು. ಬೀಡಿ ಕಟ್ಟುವ ಅವರ ಹೆಂಡತಿ ಮಾತಾಡುತ್ತಲೇ ಎಲೆ ಕತ್ತರಿಸುವುದು. ಕಾಲೇಜಿಗೆ ಹೋಗುವ ಮಗಳು ಜೋಹರಾ ಟೀಚರ್ ಆಗುತ್ತೇನೆಂದು ಹಟ ಹಿಡಿದಿರುವುದು. ಮೂರು ಗಂಟೆಗೆ ಅವರು ಹೊರಟರು. ಪಿಕಪ್ಪಿನ ಧೂಳು ಅಡಗುವವರೆಗೂ ನಿಂತಿದ್ದೆ. ಆಮೇಲೆ ಒಳಗೆ ಬಂದು ಎರಡು ತಟ್ಟೆ ತೊಳೆದೆ. ಎರಡು ತಟ್ಟೆ — ಆ ಎರಡನೆಯದನ್ನು ತೊಳೆಯುವಾಗ ನನಗೆ ಏನೋ ಆಯಿತು. ಮೊದಲಿದ್ದ ಒಂಟಿತನವನ್ನು ಹೇಗೋ ಅಭ್ಯಾಸ ಮಾಡಿಕೊಂಡಿದ್ದೆ. ಈಗಿನದು ಬೇರೆ.

ಹತ್ತು ದಿನ ತಡೆದೆ. ಹನ್ನೊಂದನೆಯ ದಿನ ಬೆಳಿಗ್ಗೆ ಟೆಂಟಿನ ಗೂಟದ ಒಂದು ಮರದ ತುಂಡನ್ನು ಹಳಿಯ ಮೂಲೆಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಟಪ್ಪೆಂದು ಬೋಲ್ಟು ತುಂಡಾಯಿತು. ಮರದ ತುಂಡನ್ನು ಒಲೆಗೆ ಹಾಕಿದೆ. ದಿಬ್ಬ ಹತ್ತಿ ಕಫೀಲರಿಗೆ ಫೋನ್ ಮಾಡಿದೆ.

ಉಮರಾಕ ಬಂದರು. ಹಳಿಯನ್ನು ಬ್ರಷ್ಷಿನಿಂದ ಗುಡಿಸಿ ಗುಡಿಸಿ ನೋಡಿದರು. ಕಲ್ಲಿಲ್ಲ, ಏನೂ ಇಲ್ಲ. "ಕಾರಣ ಇಲ್ಲದೆ ಇದು ತುಂಡಾಗುದಿಲ್ಲ ಪೊರ್ಬು," ಎಂದರು. ಹೊಸ ಬೋಲ್ಟು ಹಾಕಿ, ಗೇರ್‌ಬಾಕ್ಸಿನ ಮೇಲೆ ಅಂಗೈ ಇಟ್ಟು ಮಲಗಿ, "ಒತ್ತು... ಬಿಡು... ಒತ್ತು... ಬಿಡು," ಎಂದು ಅರ್ಧ ಗಂಟೆ. ವೈದ್ಯರು ಮಗುವಿನ ಎದೆ ಮುಟ್ಟಿ ನೋಡುವ ಹಾಗೆ. ಕೊನೆಗೆ, "ಇಲ್ಲಿ ಒಂದು ಹಲ್ಲು ಕಚ್ಚದೆ ಜಾರ್ತಾ ಉಂಟು. ಗೇರ್‌ಬಾಕ್ಸೇ ಬದಲು ಮಾಡ್ಬೇಕು," ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಹಲ್ಲು ಹೋಗಿತ್ತು. ನನ್ನ ಮರದ ತುಂಡೇ ಅದನ್ನು ಮಾಡಿತೋ, ಮೊದಲೇ ಸವೆದಿತ್ತೋ — ನನಗೆ ತಿಳಿಯದು.

ಗೇರ್‌ಬಾಕ್ಸ್ ಅಮೆರಿಕದಿಂದ ಬರಬೇಕು. ಐದು ವಾರ ಹಿಡಿಯಿತು. ಆ ಐದು ವಾರವೂ ಗುರುವಾರ ಬೆಳಿಗ್ಗೆ ಉಮರಾಕ ಬರುತ್ತಿದ್ದರು. ಮೋಟರನ್ನು ಬಿಡಿಸಿ, ನಾವಿಬ್ಬರೂ ಎಳೆದು ಕೋಣೆಯನ್ನು ಹೊರಗೆ ತಂದು ನಿಲ್ಲಿಸುತ್ತಿದ್ದೆವು, ಮುದುಕಿಗೆ ಮಲಗಲು ಜಾಗವಾಗಲಿ ಎಂದು. ನಾನು ಬುಧವಾರವೇ ಮೀನು ನೆನೆಹಾಕುತ್ತಿದ್ದೆ. ಗಡ್ಡ ಬೋಳಿಸಿಕೊಳ್ಳುತ್ತಿದ್ದೆ. ನನ್ನ ಜೀವಮಾನದಲ್ಲಿ ಯಾರ ದಾರಿಯನ್ನೂ ಹಾಗೆ ಕಾದವನಲ್ಲ.

ಹೊಸ ಗೇರ್‌ಬಾಕ್ಸ್ ಹಾಕಿದ ದಿನ ಬೆಳಿಗ್ಗೆ ಏಳಕ್ಕೆ ಬಂದವರು ಸಂಜೆಯವರೆಗೂ ಇದ್ದರು. ವಯರುಗಳನ್ನು ಬಿಡಿಸಿದರು. ಕೋಣೆಯನ್ನು ಭುಜ ಕೊಟ್ಟು ಒಳಗೆ ತಳ್ಳಿದೆವು. ತುಕ್ಕು ಹಿಡಿದ ನಾಲ್ಕು ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಕಾದು, ಹಳೆಯದನ್ನು ಇಳಿಸಿದರು. ಪೆಟ್ಟಿಗೆಯಿಂದ ತೆಗೆದ ಹೊಸತು ಅವರ ಮಡಿಲಲ್ಲಿ ಹೊಳೆಯುತ್ತಿತ್ತು. ಅದನ್ನು ಕೂರಿಸಿ, ರಾಡಿಗೆ ಸೇರಿಸಿ, ಮೆತ್ತನೆಯ ಬೋಲ್ಟು ಹಾಕಿ, ಕೋಣೆಯ ಎರಡು ಮೂಲೆಗಳೂ ಸಮನಾಗಿ ಬರುತ್ತವೆಯೇ ಎಂದು ಟೇಪ್ ಹಿಡಿದು ಅಳೆದರು. ಅಳೆಯುವಾಗ ಹೊಸ ಕನ್ನಡಕವನ್ನು ಹತ್ತು ಸಲ ತೆಗೆದು ಹಾಕಿದರು. "ಇದು ಇನ್ನೂ ಒಗ್ಗಲಿಲ್ಲ ಮಾರಾಯ. ಒಂದು ನಟ್ಟು ಇದ್ರೆ ಎರಡು ಕಾಣ್ತದೆ," ಎಂದು ನಕ್ಕರು. ನಾನೂ ನಕ್ಕೆ. ಸ್ವಿಚ್ ಒತ್ತಿದೆ. ಕೋಣೆ ಸದ್ದೇ ಇಲ್ಲದೆ ಹೊರಗೆ ಬಂತು, ಒಳಗೆ ಹೋಯಿತು.

"ಇನ್ನು ಹತ್ತು ವರ್ಷ ಇದರ ತಲೆಬಿಸಿ ಇಲ್ಲ," ಎಂದು ಮೂರು ಮೆತ್ತನೆಯ ಬೋಲ್ಟುಗಳನ್ನು ನನ್ನ ಕೈಗೆ ಕೊಟ್ಟರು. "ಬೋಲ್ಟು ತುಂಡಾದ್ರೂ ನೀನೇ ಹಾಕು, ಕಲಿತಿದ್ದಿಯಲ್ಲ. ಇನ್ನು ನಾನು ಇಷ್ಟು ದೂರ ಬರುವ ಕೆಲಸ ಇಲ್ಲ."

ಇನ್ನು ನಾನು ಬರುವ ಕೆಲಸ ಇಲ್ಲ. ಅವರು ಸಂತೋಷದಿಂದ ಹೇಳಿದ ಮಾತು.

ಮುಂದಿನ ಗುರುವಾರ ಯಾರೂ ಬರಲಿಲ್ಲ. ಅದರ ಮುಂದಿನ ಗುರುವಾರವೂ. ಫೋನ್ ಮಾಡಿ "ಉಮರಾಕ, ಸುಮ್ಮನೆ ಒಮ್ಮೆ ಬನ್ನಿ" ಎನ್ನಬಹುದಿತ್ತು — ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೆ! ಶುಕ್ರವಾರ ಅವರಿಗೆ ರಜೆ. ಕರೆದಿದ್ದರೆ ಬರುತ್ತಿದ್ದರು, ಖಂಡಿತ ಬರುತ್ತಿದ್ದರು. ಆದರೆ ನಲವತ್ತರ ಹತ್ತಿರದ ಗಂಡಸು ಇನ್ನೊಬ್ಬ ಗಂಡಸಿಗೆ 'ನನಗೆ ಬೇಸರವಾಗುತ್ತದೆ, ಬನ್ನಿ' ಎಂದು ಹೇಳುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಗೇರ್‌ಬಾಕ್ಸ್ ಒಡೆಯುವುದು ಗೊತ್ತಿತ್ತು.

ಬರೀ ಬೋಲ್ಟು ತುಂಡಾದರೆ ಅವರು ಬರುವುದಿಲ್ಲ. ಹಾಗಾಗಿ ಮೆತ್ತನೆಯದನ್ನು ತೆಗೆದೆ. ಕಫೀಲರ ಲ್ಯಾಂಡ್ ಕ್ರೂಸರಿನ ರಿಪೇರಿಗೆಂದು ಕ್ಯಾಂಪಿನಲ್ಲಿದ್ದ ಸಾಮಾನಿನ ಡಬ್ಬಿಯಿಂದ ಅದೇ ದಪ್ಪದ ಗಟ್ಟಿ ಉಕ್ಕಿನ ಬೋಲ್ಟು ಹುಡುಕಿ ಹಾಕಿದೆ. ಇನ್ನೊಂದು ಮರದ ತುಂಡನ್ನು ಹಳಿಯ ಮೂಲೆಗೆ ಇಟ್ಟೆ. ಒತ್ತಿದೆ. ಗಾಡಿ ಇಡೀ ನಡುಗಿತು. ಒಳಗೆ ಏನೋ ಕರಕರನೆ ಅರೆದ ಸದ್ದು, ಆಮೇಲೆ ಮೋಟರ್ ಒಂದೇ ಸಮನೆ ಸುಯ್ಯೆಂದು ತಿರುಗತೊಡಗಿತು. ಮರದ ತುಂಡು ತೆಗೆದೆ. ಬೋಲ್ಟನ್ನು ಬದಲಿಸಲು ಹೋದರೆ ಅದು ಬಗ್ಗಿ ತೂತಿನಲ್ಲಿ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಹೊಡೆದೆ, ಇಕ್ಕಳದಿಂದ ಎಳೆದೆ. ಬರಲಿಲ್ಲ. ಉಮರಾಕ ಒಬ್ಬರೇ ಬಂದರೆ ಏನಾದರೂ ಹೇಳಿ ನಿಭಾಯಿಸಬಹುದು ಎಂದುಕೊಂಡೆ. ಬಹುಶಃ ಅವರೆದುರು ನಿಜವನ್ನೇ ಹೇಳಿಬಿಡುತ್ತಿದ್ದೆನೋ — ಇಲ್ಲ, ಅದನ್ನು ಈಗ ಹೇಳಿ ಪ್ರಯೋಜನವಿಲ್ಲ.

ಅವರು ಒಬ್ಬರೇ ಬರಲಿಲ್ಲ. ಹೊಸ ಗೇರ್‌ಬಾಕ್ಸ್ ಮೂರು ವಾರದಲ್ಲಿ ಹೋಯಿತೆಂದು ಕಫೀಲ್ ಸಿಟ್ಟಾಗಿದ್ದರು. ಗ್ಯಾರೇಜಿನ ಫೋರ್‌ಮನ್, ಒಬ್ಬ ಮಲಯಾಳಿ, ತಾನೇ ಜೊತೆಗೆ ಬಂದರು. ಕಫೀಲ್ ಕೂಡ ಇದ್ದರು. ಉಮರಾಕ ಕೆಳಗೆ ಜಾರಿ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವರ ಕೈಯಲ್ಲಿ ಗರಗಸದಿಂದ ಕೊಯ್ದು ತೆಗೆದ ಆ ಬೋಲ್ಟಿತ್ತು. ಫೋರ್‌ಮನ್ ಅದನ್ನು ಕಲ್ಲಿಗೆ ತಟ್ಟಿ ನೋಡಿದರು. ಅವರಿಗೂ ಕೆಲಸ ಗೊತ್ತಿತ್ತು; ಗಟ್ಟಿ ಉಕ್ಕೆಂದು ಸದ್ದಿನಲ್ಲೇ ತಿಳಿಯಿತು.

"ಇದನ್ನು ಯಾರು ಹಾಕಿದ್ದು?" ಎಂದು ಹಿಂದಿಯಲ್ಲಿ ಕೇಳಿದರು. ಫೋರ್‌ಮನ್ ನನ್ನತ್ತ ತಿರುಗಿದರು. ಅನ್ಯಾಯ ಮಾಡುವ ಮನುಷ್ಯನಲ್ಲ ಅವರು, ಕೇಳಬೇಕಾದ್ದನ್ನೇ ಕೇಳಿದರು. "ಇವರು ಹೋದಮೇಲೆ ಬೇರೆ ಯಾರಾದರೂ ಇದನ್ನು ಮುಟ್ಟಿದ್ದಾರಾ?"

"ನಹೀ," ಎಂದೆ. "ಕೋಯಿ ನಹೀ."

ಕಫೀಲರಿಗೆ ಹಿಂದಿ ಅಷ್ಟಾಗಿ ಬಾರದು. ಅವರು ನನ್ನ ಮುಖ ನೋಡಿ ಮತ್ತೊಮ್ಮೆ ಕೇಳಿದರು. "ಮಾಫಿ?"

"ಮಾಫಿ," ಎಂದೆ. ಅರಬಿಯಲ್ಲಿ ಅದರ ಅರ್ಥ, ಯಾರೂ ಇಲ್ಲ.

ಎರಡು ಸಲ ಕೇಳಿದರು. ಎರಡು ಸಲ ಹೇಳಿದೆ.

ಉಮರಾಕ ನನ್ನನ್ನು ನೋಡಲಿಲ್ಲ. ನೋಡಿದ್ದರೆ — ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಬೋಲ್ಟನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಮೆಲ್ಲಗೆ, "ನನ್ನದೇ ಇರ್ಬೇಕು. ಪೆಟ್ಟಿಗೆಯಲ್ಲಿ ಎರಡು ನಮೂನೆಯದೂ ಒಟ್ಟಿಗೇ ಇತ್ತು. ಕಣ್ಣಿಗೆ ಗೊತ್ತಾಗ್ಲಿಲ್ಲ ಕಾಣ್ತದೆ," ಎಂದು ಮೊದಲು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡು, ಮತ್ತೆ ಅದನ್ನೇ ಹಿಂದಿಯಲ್ಲಿ ಫೋರ್‌ಮನ್‌ಗೆ ಹೇಳಿದರು. ಸುಳ್ಳು ಹೇಳಿದ್ದು ನಾನು. ಅದನ್ನು ನಂಬಿದ್ದು ಅವರು.

ಪಿಕಪ್ ಹತ್ತುವಾಗ ನನ್ನ ಭುಜ ತಟ್ಟಿದರು. "ನೀನು ಬೇಜಾರು ಮಾಡ್ಬೇಡ ಪೊರ್ಬು. ತಪ್ಪು ನಿನ್ನ ತಲೆಗೆ ಬರ್ಲಿಲ್ಲ ಅಲ್ವಾ, ಅಷ್ಟು ಸಾಕು."

ಅವರ ವೀಸಾ ಕ್ಯಾನ್ಸಲ್ ಆಯಿತು. ಗ್ಯಾರೇಜುಗಳಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಕಣ್ಣು ಹೋದ ಮೆಕ್ಯಾನಿಕ್ ಎಂಬ ಹೆಸರು ಹೊತ್ತು ಊರಿಗೆ ಹೊರಟರು. ಹೊರಡುವ ದಿನ ನನಗೆ ಫೋನ್ ಮಾಡಿದರು. ಆಗ ನಾನು ದಿಬ್ಬದ ಮೇಲೇ ಇದ್ದೆ. ಅವರ ಹೆಸರು ಪರದೆಯ ಮೇಲೆ ಕಾಣಿಸಿತು. ಒಂದು ಧ್ವನಿ ಕೇಳಲಿಕ್ಕಾಗಿ ಹೊಸ ಗೇರ್‌ಬಾಕ್ಸ್ ಒಡೆದವನು ನಾನು — ಅದೇ ಧ್ವನಿ ಕೈಯಲ್ಲಿ ರಿಂಗಾಗುತ್ತಿತ್ತು. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಆಯಿತು. ಆಗಲೂ ಎತ್ತಲಿಲ್ಲ.

ಮತ್ತೊಂದು ಗೇರ್‌ಬಾಕ್ಸ್ ಬಂದಾಗ ಅದನ್ನು ಹಾಕಲು ಬೇರೆ ಮೆಕ್ಯಾನಿಕ್ ಬಂದ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಮೂರು ಗಂಟೆಯಲ್ಲಿ ಮುಗಿಸಿ, ಚಹಾ ಬೇಡವೆಂದು ಕೈಯಾಡಿಸಿ ಹೋದ. ಅದು ಮತ್ತೆ ಕೆಡಲಿಲ್ಲ.

ಆ ಮೇಲೂ ನಾನು ಅಲ್ಲಿ ಐದು ಚಳಿಗಾಲ ಕಳೆದೆ. ಆಮೇಲೆ ಊರಿಗೆ ಬಂದೆ. ಬಂದ ವರ್ಷವೇ ವಿಟ್ಲಕ್ಕೆ ಹೋದೆ, ಹೇಳಬೇಕೆಂದೇ ಹೋದೆ. ಉಮರಾಕ ನನ್ನನ್ನು ಕಂಡು ಎಷ್ಟು ಖುಷಿಪಟ್ಟರೆಂದರೆ, ಹೇಳುವುದನ್ನು ಆಮೇಲೆ ಎಂದು ಮುಂದೂಡಿದೆ. ಕೂತು ಮಾತಾಡುತ್ತಿರುವಾಗ ಪಕ್ಕದ ಮನೆಯವರೊಬ್ಬರು ಕೆಟ್ಟ ಮಿಕ್ಸಿ ಹಿಡಿದುಕೊಂಡು ಬಂದರು. ಉಮರಾಕ ಅದನ್ನು ಮುಟ್ಟಲೂ ಇಲ್ಲ. "ನನ್ನ ಹತ್ರ ಬೇಡ. ಪೇಟೆಗೆ ಕೊಂಡುಹೋಗಿ. ನನ್ನ ಕೈಯ ಕೆಲಸವನ್ನು ನಾನೇ ನಂಬುದಿಲ್ಲ," ಎಂದರು. ಪಕ್ಕದ ಮನೆಯವರು ಹೋದಮೇಲೆ ನನ್ನ ಕಡೆ ತಿರುಗಿ, ನನಗೆ ಗೊತ್ತಿರುವ ವಿಷಯವೇ ಎಂಬಂತೆ, "ನೀನು ನೋಡಿದ್ದಿಯಲ್ಲ," ಎಂದರು.

ಅಷ್ಟು ಕೇಳಿಯೂ ನಾನು ಬಸ್ಸು ಹತ್ತಿ ವಾಪಸು ಬಂದೆ. ಮತ್ತೆ ಅಷ್ಟೊಂದು ವರ್ಷ. ಮರುಭೂಮಿಯಲ್ಲಿ ಹೆದರಿಕೆಯಿತ್ತು ಎನ್ನಬಹುದು — ವೀಸಾ, ಕಫೀಲ್, ಪೊಲೀಸ್. ವಿಟ್ಲದ ಜಗಲಿಯಲ್ಲಿ ಯಾವ ಹೆದರಿಕೆ? ಒಬ್ಬರ ಪ್ರೀತಿ ಕಳೆದುಹೋದೀತು ಎಂಬುದೊಂದೇ. ಅವರದ್ದಾಗಿದ್ದ ಎಲ್ಲವನ್ನೂ ಕಳೆದಿದ್ದೆ. ನನ್ನದೊಂದನ್ನು ಬಿಡಲು ಮನಸ್ಸಾಗಲಿಲ್ಲ.

ಕಳೆದ ತಿಂಗಳು ಮತ್ತೆ ಹೋದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಹೆಂಡತಿ ತೀರಿಹೋಗಿದ್ದಾರೆ. ಕೂರುವ ಮೊದಲೇ ಹೇಳಿದೆ, ನಿಂತುಕೊಂಡೇ ಹೇಳಿದೆ. ಮರದ ತುಂಡು, ಗಟ್ಟಿ ಬೋಲ್ಟು, ಆ "ಮಾಫಿ" — ಎಲ್ಲ.

ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮರದ ತುಂಡು ಯಾವ ಮೂಲೆಗೆ ಇಟ್ಟಿದ್ದಿ?"

"ಹಿಂದಿನ ಚಕ್ರದ ಕಡೆಯ ಮೂಲೆಗೆ."

"ಹಾಂ." ಅವರ ಕೈ ಗಾಳಿಯಲ್ಲಿ ಏನನ್ನೋ ಮುಟ್ಟುವ ಹಾಗೆ ಎದ್ದಿತು. "ಅದಕ್ಕೇ ಆ ಕಡೆಯ ಹಳಿ ಮಾತ್ರ ಬಗ್ಗಿತ್ತು. ಮುಂದಿನದು ಸರಿ ಇತ್ತು. ಬರೀ ಬೋಲ್ಟು ಬದಲಾದ್ರೆ ಹಳಿ ಬಗ್ಗುದಿಲ್ಲ. ಒಂದೇ ಕಡೆ ಯಾಕೆ ಬಗ್ಗಿತು ಅಂತ ನಾನು ಇಷ್ಟು ವರ್ಷ—"

ಇಷ್ಟು ವರ್ಷವೂ ಅವರು ಆ ಗಾಡಿಯ ಕೆಳಗೇ ಮಲಗಿದ್ದರು ಎಂದು ನನಗೆ ಆಗ ತಿಳಿಯಿತು.

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ತಡೆದರು. "ಅದು ಬೇಡ ಈಗ." ಒಳಗೆ ತಿರುಗಿ ಮಗಳನ್ನು ಕರೆದರು. ಜೋಹರಾ ಈಗ ಹೈಸ್ಕೂಲ್ ಟೀಚರ್. ಅವಳು ಬಂದು ಬಾಗಿಲಲ್ಲಿ ನಿಂತಳು.

"ಕೂತ್ಕೋ," ಎಂದರು ಅವಳಿಗೆ. "ಇವನು ನನ್ನ ಕೆಲಸ ಹೋದ ವಿಷಯ ಹೇಳ್ತಾನೆ." ಆಮೇಲೆ ನನಗೆ: "ಹೇಳು ಪೊರ್ಬು. ಮೊದಲಿಂದ ಹೇಳು."

ಮೊದಲಿನಿಂದ ಹೇಳಿದೆ. ಒಮ್ಮೆ ಹೇಳಿದ್ದಕ್ಕಿಂತ ಎರಡನೆಯ ಸಲ ಹೇಳುವುದು ಕಷ್ಟವಾಗಿತ್ತು. ತಂದೆಯ ಮುಖವನ್ನೇ ನೋಡುತ್ತಿದ್ದ ಮಗಳ ಕಣ್ಣೆದುರು ಹೇಳಬೇಕಿತ್ತು. ಅವಳು ಎಲ್ಲ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. "ಆ ದಿನ ಏರ್‌ಪೋರ್ಟಿನಿಂದ ಉಪ್ಪ ನಿಮಗೆ ಫೋನ್ ಮಾಡಿದ್ರು. ನೀವು ಅಲ್ಲಿ ಒಬ್ರೇ ಇದ್ದೀರಿ, ಕಷ್ಟ ಆಗ್ತದೆ ಅಂತ ಮನೆಯಲ್ಲೂ ಹೇಳ್ತಿದ್ರು. ನೀವು ಫೋನ್ ಯಾಕೆ ಎತ್ತಲಿಲ್ಲ?" ಎಂದು ಮಾತ್ರ ಕೇಳಿದಳು.

ಉಮರಾಕ ನನ್ನನ್ನು ಕ್ಷಮಿಸಿದ್ದಾರೆ ಎಂದು ನಾನು ಹೇಳಲಾರೆ. ಅವರು ಎದ್ದು ಒಳಗೆ ಹೋದರು. ನಾನು ಹೊರಡುವವರೆಗೂ ಬರಲಿಲ್ಲ. ಗೇಟಿನವರೆಗೆ ಬಂದವಳು ಜೋಹರಾ. ಆ ಫೋರ್‌ಮನ್ ಈಗ ಕಣ್ಣೂರಿನಲ್ಲಿದ್ದಾರೆ, ಬದುಕಿದ್ದಾರೆ, ಹಬ್ಬಕ್ಕೊಮ್ಮೆ ಉಪ್ಪನಿಗೆ ಫೋನ್ ಮಾಡುತ್ತಾರೆ, ಇಂದಿಗೂ ಅದು ಉಪ್ಪನ ಕೈತಪ್ಪೆಂದೇ ನಂಬಿದ್ದಾರೆ ಎಂದಳು. ಒಂದು ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟಳು. ಹೋಗಿ ಎಂದು ಹೇಳಲಿಲ್ಲ.

ಬರುವ ಸೋಮವಾರದ ಕಣ್ಣೂರಿನ ರೈಲಿಗೆ ಟಿಕೇಟು ಮಾಡಿಸಿದ್ದೇನೆ.